ಚಂದ್ರವ್ವನ ಬಲಗಾಲು

ಕಾಲು ಚಾಚಿದಷ್ಟೂ ಹಾಸಿಗೆ ಬೆಳೆಯುತ್ತದೆ ಎಂಬುದು ಗಾದೆ. ಗಾದೆ ಹಾಗಿಲ್ಲ ಎಂದು ತಿದ್ದಲು ಬರುವವರು ಪಾರಿಶ್ವಾಡದ ಚಂದ್ರವ್ವನನ್ನು ಕಂಡವರಲ್ಲ. ಗಾದೆ ಸುಳ್ಳಾದರೂ ಆಗಲಿ, ಈ ಕತೆ ಮಾತ್ರ ಖರೇ. ಕಂಡವರು, ಕೇಳಿದವರು, ಮೋಸ ಹೋದವರು ಎಲ್ಲರೂ ಇವತ್ತಿಗೂ ಗಟ್ಟಿಮುಟ್ಟಾಗಿದ್ದಾರೆ, ಒಬ್ಬಳನ್ನು ಬಿಟ್ಟು.

"ಸರ್, ಲಗೂ ಬರ್ರಿ. ಹೊತ್ತಾದ್ರ ಕಾಲು ಗಟ್ಟಿ ಆಕ್ಕೈತಿ."

ಮಹಾಂತೇಶ ನಗರದ ಆ ಮನೆಯ ಗೇಟಿನ ಚಿಲಕ ಬಡಿಯುತ್ತ, ಮೆಡಿಕಲ್ ಓದುವ ಮರಿಯಮ ಕೂಗಿದಳು. ಎಲುಬಿನ ಡಾಕ್ಟರ್ ಪ್ರಸಾದರು ಬಾಗಿಲಿಗೆ ಬಂದಾಗ ಅವರ ಒಂದು ಕೆನ್ನೆ ನುಣ್ಣಗಿತ್ತು, ಇನ್ನೊಂದರ ಮೇಲೆ ಸೋಪಿನ ನೊರೆಯಿತ್ತು.

"ಯಾರ ಕಾಲವಾ?"

"ಪಾರಿಶ್ವಾಡದ ಚಂದ್ರವ್ವಾರ್ದ್ರಿ. ನಸುಕಿನ್ಯಾಗ ತೀರಿಕೊಂಡ್ರಂತ. ಹಾರ್ಟಿನ ತ್ರಾಸ ಇತ್ತಲ್ರಿ. ಅವರ ಸೊಸಿ ಸಮೃದ್ಧಿ ಫೋನ್ ಮಾಡಿದ್ರು. ನಿಮ್ಮ ಫೋನ್ ಹತ್ತವಲ್ದಂತ."

ಪ್ರಸಾದರು ನೊರೆಯನ್ನು ಟವೆಲಿನಿಂದ ಒರೆಸಿದರು. ಒರೆಸಿದ ಮೇಲೂ ಟವೆಲು ಮುಖದ ಮೇಲೆಯೇ ಸ್ವಲ್ಪ ಹೊತ್ತು ನಿಂತಿತು.

"ಹೋದ್ಲಾ ಮುದುಕಿ," ಎಂದರು. "ಆದ್ರ ಆಕಿ ಕಾಲು ಹೊಸದಾಗಿ ಗಟ್ಟಿ ಆಗೂದೇನೈತಿ? ಅದು ಬದುಕಿದ್ದಾಗs ಕಲ್ಲಾಗಿತ್ತು."

ಅದಕ್ಕೆ ಉತ್ತರ ಮರಿಯಮಳ ಹತ್ತಿರ ವರ್ಷದಿಂದ ಇತ್ತು. ಒಮ್ಮೆ ಕೊಟ್ಟು ಬೈಸಿಕೊಂಡೂ ಆಗಿತ್ತು.

ಚಂದ್ರವ್ವನ ಮನೆಯವರು ಬಸವಣ್ಣನ ಹಾದಿಯವರು. ಅವರಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಜೀವ ಹೋಗಿ ಮೈ ಮೆತ್ತಗಿರುವಾಗಲೇ ಚಕ್ಕಳಮಕ್ಕಳ ಹಾಕಿಸಿ ಕೂರಿಸುತ್ತಾರೆ. ಕೂರಿಸಿಯೇ ಹೊರುತ್ತಾರೆ, ಕೂರಿಸಿಯೇ ಮಣ್ಣು ಮಾಡುತ್ತಾರೆ. ಆದರೆ ಚಂದ್ರವ್ವನ ಬಲ ಮೊಣಕಾಲು ಮಡಚುವುದಿಲ್ಲವೆಂದು ಪಾರಿಶ್ವಾಡಕ್ಕೆ ಪಾರಿಶ್ವಾಡವೇ ಬಲ್ಲದು. ಮಡಚುವುದಿಲ್ಲವೆಂದು ಮೊದಲು ಹೇಳಿದವರು ಇದೇ ಪ್ರಸಾದರು. ಮಡಚುತ್ತದೆ ಎಂದವಳು ಇಡೀ ಜಗತ್ತಿನಲ್ಲಿ ಒಬ್ಬಳೇ, ಮರಿಯಮ.

ಫೋನಿನಲ್ಲಿ ಸಮೃದ್ಧಿ ಹೇಳಿದ್ದು ಇಷ್ಟು: "ಇದು ಅತ್ತೀ ಕಡೀ ಮಾತು ನೋಡ್ರಿ. ಪ್ರಸಾದ ಡಾಕ್ಟರೇ ಬಂದು ತಮ್ಮ ಕೈಲೆ ಕಾಲು ಮಡಚಬೇಕಂತ, ಅಲ್ಲೀತನಕ ಯಾರೂ ಮುಟ್ಟಬಾರದಂತ. ಮತ್ತ ಆ ಹುಡುಗಿನ್ನೂ ಕರೀರಿ ಅಂದಾರ. ಆ ಹುಡುಗಿ ಅಂದ್ರ ನೀವು."

"ನನ್ನ್ಯಾಕ್ರಿ?"

"ನನಗೇನ್ ಗೊತ್ರಿ ಯಕ್ಕಾ." ದನಿಯಲ್ಲಿ ಅಳುವಿತ್ತು. ಅಳುವಿನ ಅಡಿಗೆ ಇನ್ನೂ ಏನೋ ಇತ್ತು, ಬೂದಿಯ ಅಡಿಗೆ ಕೆಂಡವಿದ್ದಂತೆ.

ಕಾರು ಗೇಟು ದಾಟಿದಾಗ ಮರಿಯಮಳ ಎದೆಯಲ್ಲಿ ಒಂದೇ ಲೆಕ್ಕ ಓಡುತ್ತಿತ್ತು. ಬೇಗ ಮುಟ್ಟಿದರೆ ಆ ಮೊಣಕಾಲು ತನ್ನ ನಿಜ ಹೇಳುತ್ತದೆ. ತಡವಾದರೆ ಸತ್ತವರೆಲ್ಲರ ಕಾಲೂ ಬಿಗಿಯುತ್ತದೆ, ಆಗ ಪ್ರಸಾದರು ಹೇಳಿದ್ದೇ ನಿಜವಾಗಿ ಮಣ್ಣಿಗೆ ಹೋಗುತ್ತದೆ. ಅದರ ಜೊತೆ ತನ್ನ ಕೈಯ ಮೇಲೆ ತನಗಿದ್ದ ನಂಬಿಕೆಯೂ.

*

ವರ್ಷದ ಹಿಂದೆ, ಮರಿಯಮ ಓದುವ ಮೆಡಿಕಲ್ ಕಾಲೇಜಿನಲ್ಲಿ ಪೂರ್ಣಿಮಾ ಮೇಡಂ ನಡೆಸುತ್ತಿದ್ದ ಸಂಶೋಧನೆ ರೋಗದ ಮೇಲೆ ಅಲ್ಲ, ರೋಗ ನೋಡುವವರ ಮೇಲೆ. ಡಾಕ್ಟರಾಗುವ ಹುಡುಗರು ಒಬ್ಬ ಮನುಷ್ಯನ ನಡಿಗೆ, ಕೈ, ಕಾಲು, ಬೆನ್ನು ಇಷ್ಟನ್ನೂ ಯಂತ್ರವಿಲ್ಲದೆ, ಬರೀ ಕಣ್ಣು ಕೈಯಿಂದ ನೋಡಿ ಹೇಳಬೇಕು. ಅದನ್ನು ನಿಜವಾದ ರೋಗಿಗಳಿಂದ ಹೆಚ್ಚು ಕಲಿಯುತ್ತಾರೋ, ರೋಗಿಯ ಪಾತ್ರ ಕಟ್ಟಿದವರಿಂದಲೂ ಅಷ್ಟೇ ಕಲಿಯುತ್ತಾರೋ ಎಂಬುದು ಪ್ರಶ್ನೆ. ಉದ್ದನೆಯ ಹಾಲಿನಲ್ಲಿ ಹಾಸಿಗೆಗಳು, ನಡುವೆ ಪರದೆಗಳು. ಕೆಲವು ಹಾಸಿಗೆಗಳಲ್ಲಿ ರೋಗಿಗಳು, ಕೆಲವುಗಳಲ್ಲಿ ನಟರು. ಯಾರು ಯಾರೆಂದು ಮೇಡಂಗೆ ಮಾತ್ರ ಗೊತ್ತು. ಕೊನೆಯ ತೀರ್ಪು ಕೊಡಲು ಕುಳಿತ ಪ್ರಸಾದರಿಗೂ ಗೊತ್ತಿಲ್ಲ. ಕೊನೆಯ ಬ್ಯಾಚು ಮುಗಿಯುವವರೆಗೆ ಗುಟ್ಟು ಒಡೆಯುವಂತಿಲ್ಲ, ಅದು ನೇಮ.

ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಬಲಗಾಲನ್ನು ಒನಕೆಯಂತೆ ಚಾಚಿ ಚಂದ್ರವ್ವ ಕುಳಿತಿದ್ದಳು.

"ಎಷ್ಟು ದಿನಾ ಆತ್ರಿ ಅಜ್ಜಿ, ಕಾಲು ಹಿಂಗಾಗಿ?" ಮರಿಯಮ ಕೇಳಿದಳು.

"ಮೂರು ವರ್ಸಾತು ತಂಗಿ. ಚಕ್ಕಡಿ ಮ್ಯಾಲಿಂದ ಬಿದ್ದೆ. ಅವತ್ತಿಂದ ಇದು ನನ್ನ ಮಾತು ಕೇಳವಲ್ದು, ನಮ್ಮ ಯಜಮಾನ್ರು ಇದ್ದಂಗ."

ಮರಿಯಮ ನಗಲಿಲ್ಲ. ಟೇಪು ಸುತ್ತಿ ತೊಡೆ ಅಳೆದಳು. ಮೂರು ವರ್ಷ ಮಡಚದ ಕಾಲಿನ ತೊಡೆ ಸೊರಗಬೇಕು. ಇಲ್ಲಿ ಎರಡೂ ಜೋಡೆತ್ತಿನಂತೆ ಸಮ. ಕೈ ಇಡುವ ಮೊದಲೇ ತೊಡೆ ಬಿಗಿಯುತ್ತಿತ್ತು. ಆಮೇಲೆ ಕಣಕಾಲಿನ ಹೊರಗಂಟು ನೋಡಿದಳು: ಅಲ್ಲಿ ಚರ್ಮ ದಪ್ಪಗಾಗಿ ಕಪ್ಪಾಗಿತ್ತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ದಿನಾ ಕುಳಿತುಕೊಳ್ಳುವವರಿಗೆ ಬೀಳುವ ಗುರುತು ಅದು. ಎಡಗಾಲಿಗೂ ಇತ್ತು, ಬಲಗಾಲಿಗೂ ಇತ್ತು. ಬಲಗಾಲಿನದು ಹಳೆಯದಾಗಿ ಮಾಸಿರಲೂ ಇಲ್ಲ.

"ಸರ್," ಎಂದಳು ಮರಿಯಮ, "ಇವರ ಕಾಲು ನೆಟ್ಟಗೈತ್ರಿ."

"ನೆಟ್ಟಗs ಐತಿ. ಅದs ಆಕಿ ತ್ರಾಸ," ಎಂದರು ಪ್ರಸಾದರು. ಹುಡುಗರು ನಕ್ಕರು.

"ಹಂಗಲ್ರಿ. ಮಡಚತೈತ್ರಿ. ಇವರು ಬಿಗಿ ಹಿಡದಾರ."

ಪ್ರಸಾದರು ತಾವೇ ಬಂದು ಮೊಣಕಾಲಿಗೆ ಕೈ ಹಾಕಿ ಒತ್ತಿದರು. ಚಂದ್ರವ್ವ "ಯವ್ವಾ, ಸತ್ನೆಪಾ ಶಿವನ" ಎಂದು ನರಳಿದಳು. ಕಣ್ಣಿನಿಂದ ಒಂದು ಹನಿ, ಸರಿಯಾದ ಹೊತ್ತಿಗೆ, ಸರಿಯಾದ ಕೆನ್ನೆಯ ಮೇಲೆ ಇಳಿಯಿತು. ಪ್ರಸಾದರು ಕೆಂಡ ಮುಟ್ಟಿದವರಂತೆ ಕೈ ತೆಗೆದರು.

"ಇದು ಕೂಡಿಹೋದ ಮೊಣಕಾಲು. ನೋವು ತಿನ್ನೂ ಮುದುಕಿ ಮುಂದ ನಿಂತು ನಾಟಕ ಅಂತೀಯಲ್ಲ. ಮರಿಯಮ, ರೋಗಿ ಮ್ಯಾಲ ಸಂಶೇ ಪಡೂ ಕೈಗೆ ಎಲುಬು ಮಾತಾಡೂದಿಲ್ಲ. ನೀ ಕಣ್ಣಿಂದೋ ಕಿವೀದೋ ಓದಿಕೋ ಹೋಗು."

ಚಿಕ್ಕಂದಿನಲ್ಲಿ ಮನೆಯ ಕೋಳಿಯ ಮುರಿದ ಕಾಲಿಗೆ ಕಡ್ಡಿ ಕಟ್ಟಿ ನಡೆಸಿದ ಹುಡುಗಿ ಅವಳು. ಅವತ್ತು ಹಾಲಿನಿಂದ ಹೊರಗೆ ಬಂದು ಗೋಡೆಗೆ ಒರಗಿ ನಿಂತಳು. ಅಲ್ಲಿಗೆ ಚಂದ್ರವ್ವ ಬಂದಳು: ಸೊಂಟ ಎತ್ತಿ, ಕಾಲನ್ನು ಅರ್ಧಚಂದ್ರದಂತೆ ಸುತ್ತಿಸಿ ಇಟ್ಟು, ಮತ್ತೆ ಸೊಂಟ ಎತ್ತಿ. ಕೈಯಲ್ಲಿ ರೊಟ್ಟಿಯ ಗಂಟು.

"ಉಣ್ಣು ತಂಗಿ. ಶೇಂಗಾ ಹಿಂಡಿ ಐತಿ."

"ನೀವು ನಾಟಕ ಮಾಡಾಕತ್ತೀರಿ. ನನಗ ಗೊತ್ತೈತಿ."

"ಗೊತ್ತಿದ್ರ ಆತು ಬಿಡವಾ. ಗೊತ್ತಿದ್ದದ್ದು ಎಲ್ಲಿಗೂ ಓಡಿ ಹೋಗೂದಿಲ್ಲ." ಆಮೇಲೆ ಮೇಲ್ತುಟಿಯ ಮೇಲೆ ಇಲ್ಲದ ಮೀಸೆಯನ್ನು ತೀಡಿ, ಗದ್ದ ಎದೆಗಿಳಿಸಿ, ಪ್ರಸಾದರ ದನಿಯಲ್ಲೇ, "ಮರಿಯಮ, ನೀ ಕಣ್ಣಿಂದೋ ಕಿವೀದೋ ಓದಿಕೋ ಹೋಗು" ಎಂದಳು. ದನಿ ಎಷ್ಟು ತದ್ರೂಪವಾಗಿತ್ತೆಂದರೆ ಒಳಗಿನಿಂದ ಪ್ರಸಾದರೇ "ಯಾರದು?" ಎಂದು ಕೂಗಿದರು.

ಮರಿಯಮ ಅಳುತ್ತಲೇ ನಕ್ಕಳು. ರೊಟ್ಟಿ ತಿಂದಳು. ಆದರೆ ಎಲುಬಿನ ಡಾಕ್ಟರಾಗುವ ಆಸೆಯನ್ನು ಅಲ್ಲಿಯೇ ಬಿಟ್ಟಳು.

*

ಖಾನಾಪುರದ ಹತ್ತಿರ ಪ್ರಸಾದರು ಕಾರಿನ ವೇಗ ಇಳಿಸಿದರು. "ಒಂದೊಂದು ಚಾ ಕುಡದು ಹೋಗೂಣು. ಹಾರಾನೂ ತೊಗೊಂಡಂಗ ಆಕ್ಕೈತಿ."

"ಚಾ ಬ್ಯಾಡ್ರಿ ಸರ್. ಹಾರ ಅಲ್ಲೇ ಸಿಗ್ತಾವು."

"ನಿನಗ್ಯಾಕ ಇಷ್ಟು ಅವಸರ?"

ಅವಸರವೇ ಮಾಡಬಾರದೆಂದು ಕಬ್ಬಿನ ಟ್ರ್ಯಾಕ್ಟರುಗಳೂ ತೀರ್ಮಾನಿಸಿದ್ದವು. ಊರು ದಾಟಿದ ಮೇಲೆ, ಎರಡೆರಡು ಟ್ರೇಲರ್ ಡಬ್ಬಿ ಎಳೆದುಕೊಂಡ ಒಂದು ಟ್ರ್ಯಾಕ್ಟರು ತಿರುವಿನಲ್ಲಿ ಚಕ್ರ ಇಳಿಸಿಕೊಂಡು ನಿಂತಿತ್ತು. ಹಿಂದೆ ಬಸ್ಸು, ಮುಂದೆ ಬಸ್ಸು. ಮರಿಯಮ ಇಳಿದು ಹೋಗಿ, ಡ್ರೈವರನಿಗೆ ಮರಾಠಿಯಲ್ಲಿ ಕೈ ಮುಗಿದು, ಬಸ್ಸಿನ ಕಂಡಕ್ಟರನಿಗೆ ಕನ್ನಡದಲ್ಲಿ ಗದರಿ, ಯಾರೋ ಹಿರಿಯರಿಗೆ ಉರ್ದುವಿನಲ್ಲಿ ಸಲಾಮು ಹೇಳಿ, ಅಂತೂ ಕಾರು ನುಸುಳುವಷ್ಟು ಜಾಗ ಮಾಡಿಸಿದಳು. ಬಂದು ಕುಳಿತಾಗ ಪ್ರಸಾದರು ಕನ್ನಡಿಯಲ್ಲಿ ಅರ್ಧ ಬೋಳಿಸಿದ ಮುಖ ನೋಡಿಕೊಳ್ಳುತ್ತಿದ್ದರು.

"ನಾ ಆಕಿಗೆ ಏನೂ ಮಾಡಾಕ ಆಗ್ಲಿಲ್ಲ ನೋಡು," ಎಂದರು. "ವಾರಕ್ಕೊಮ್ಮೆ ರೋಗಿಗಳನ್ನ ನೋಡಾಕ ಪಾರಿಶ್ವಾಡಕ್ಕ ಹೋಗ್ತೇನಲ್ಲ, ಹೋದಾಗೊಮ್ಮೆ ಆಕಿ ಮನಿ ಮುಂದ ಹಾರ್ನ್ ಹೊಡದು ಮಾತಾಡ್ಸತಿದ್ದೆ. ಎಕ್ಸ್‌ರೇ ತಗಸೂಣು ಅಂದ್ರ, ಯಂತ್ರ ಕಂಡ್ರ ಎದಿ ಹಾರತೈತಿ ಅಂತಿದ್ಲು. ಆಪರೇಷನ್ ಪುಕಟ ಮಾಡ್ತೇನಿ ಅಂದೆ. ಶ್ರಾವಣ ಮುಗೀಲಿ ಅಂದ್ಲು. ಶ್ರಾವಣ ಮುಗೀತು, ಸೀಗಿ ಹುಣ್ಣಿವಿ ಆಗಲಿ ಅಂದ್ಲು. ಆಮ್ಯಾಲ ಸೊಸಿ ಬಾಣಂತನ ಅಂದ್ಲು. ಖರೇ ಹೇಳ್ತೇನಿ, ಆ ಸೊಸಿ ಹೊಟ್ಟಿ ನನಗ ಯಾವತ್ತೂ ಕಾಣ್ಲಿಲ್ಲ."

ಮರಿಯಮ ಕಿಟಕಿಯ ಕಡೆ ತಿರುಗಿ ತುಟಿ ಕಚ್ಚಿಕೊಂಡಳು.

"ಕಡೀಕ ಮಠದಾಗ ಹೇಳಿ ಒಂದು ಕುರ್ಚಿ ಹಾಕಿಸಿದೆ. ಎಲ್ಲಾರೂ ನೆಲದ ಮ್ಯಾಲ ಪಂಗತಿ ಕುಂತ್ರ, ಆಕಿ ಒಬ್ಬಾಕಿ ಕುರ್ಚಿ ಮ್ಯಾಲ ಕಾಲು ಚಾಚಿ ಉಣ್ಣತಿದ್ಲು, ರಾಣಿ ಇದ್ದಂಗ. ಅದೊಂದs ನಾ ಮಾಡಿದ ಉಪಕಾರ." ಪ್ರಸಾದರು ಕನ್ನಡಿ ಸರಿಮಾಡಿಕೊಂಡರು. "ಈಗ ಕಾಲು ಮಡಚು ಅಂದಾಳಂತ. ಕೂಡಿಹೋದ ಎಲುಬು ಹೆಂಗ ಮಡಚಲಿ? ಮುರೀಬೇಕಾಕ್ಕೈತಿ. ನಾ ಮುರಿಯಾಂವಲ್ಲ."

ಕಾಲ ಮಿಂಚುವ ಮೊದಲು ಕಾಲು ಮುಟ್ಟಬೇಕು ಎಂದು ಮರಿಯಮ ತನ್ನಲ್ಲೇ ಅಂದುಕೊಂಡಳು. ಬಾಯಲ್ಲಿ ಅಂದದ್ದು, "ಗೇರ್ ಬದಲ ಮಾಡ್ರಿ ಸರ್."

*

ಮನೆಯ ಮುಂದೆ ಭಜನೆ ನಡೆದಿತ್ತು. ಪಡಸಾಲೆಯಲ್ಲಿ ಹಲಗೆಯ ಮೇಲೆ ಚಂದ್ರವ್ವ ಮಲಗಿದ್ದಳು: ಇಳಕಲ್ ಸೀರೆ, ಹಣೆ ತುಂಬ ವಿಭೂತಿ, ಚಾಚಿದ ಬಲಗಾಲು. ತಲೆಯ ಹತ್ತಿರ ಮಗ ಅಮರ, ಕಾಲಿನ ಹತ್ತಿರ ಸೊಸೆ ಸಮೃದ್ಧಿ. ಹೆಂಗಸರ ನಡುವೆ ಪೂರ್ಣಿಮಾ ಮೇಡಂ ಕುಳಿತಿದ್ದರು. ಮರಿಯಮಳನ್ನು ಕಂಡವರೇ ನೆಲ ನೋಡತೊಡಗಿದರು.

ವಿಧಿ ಮಾಡಿಸಲು ಬಂದ ಬಸಯ್ಯನವರಿಗೆ ತಾಳ್ಮೆ ಮುಗಿದಿತ್ತು. "ಬಂದ್ರೇನ್ರಿ ಡಾಕ್ಟರ ಸಾಹೇಬ್ರ? ಗದ್ದ ಆಗಲೇ ಬಿಗದೈತಿ. ಇನ್ನೊಂದೀಟು ಹೊತ್ತು ಹೋದ್ರ ನೀವಲ್ಲ, ನಂದಿ ಬಂದು ಜಗ್ಗಿದ್ರೂ ಕಾಲು ಮಡಚೂದಿಲ್ಲ."

"ಗದ್ದ ಮದಲ ಬಿಗೀತೈತ್ರಿ, ಕಾಲು ಕಡೀಕ," ಎಂದರು ಪ್ರಸಾದರು. ಯಾವ ಮನೆಯಲ್ಲಿದ್ದರೂ ಅವರಿಗೆ ಅದು ಕ್ಲಾಸು.

"ಹಂಗಾದ್ರ ಹೊತ್ತೈತಿ. ಹಿಂದಿನ ನರ ಒಂದು ಕೊಯ್ದ್ರ ಬಗ್ಗತೈತೇನ್ರಿ?" ಗುಂಪಿನಿಂದ ಯಾರೋ ಕೇಳಿದರು.

"ಯಾವಾಂವ ಅದು?" ಪ್ರಸಾದರು ತಿರುಗಿದರು. "ಬದುಕಿದ್ದಾಗ ಈ ಕಾಲಿಗೆ ನಾ ನೋವು ಮಾಡಿಲ್ಲ. ಈಗ ಮಾಡ್ಲೇನು? ಅಮರ, ಹಿಂಗs ಕಾಲು ಚಾಚಿಸಿ ಕುಂದರಿಸ್ರಿ. ಶಿವ ಏನೂ ಅನ್ನೂದಿಲ್ಲ."

ಅಮರ ಕೈ ಮುಗಿದ. ಅತ್ತು ಅತ್ತು ಕಣ್ಣು ಊದಿದ್ದವು. "ಅವ್ವ ಹೇಳ್ಯಾಳ್ರಿ ಸರ್. ಬಲ ಹಾಕಬ್ಯಾಡ್ರಿ. ಬರೇ ಕೈ ಹಚ್ಚಿದ್ರ ಸಾಕು ಅಂದಾಳ. ಅದೊಂದು ನಡಸಿಕೊಡ್ರಿ."

ಪ್ರಸಾದರು ಉಸಿರು ಬಿಟ್ಟು ನೆಲದ ಮೇಲೆ ಕುಳಿತರು. ಒಂದು ಕೈಯನ್ನು ಮೊಣಕಾಲಿನ ಅಡಿಗೆ ಇಟ್ಟರು. "ಮರಿಯಮ, ಹಿಮ್ಮಡ ಹಿಡಿ," ಎಂದರು. ಅದು ಅಭ್ಯಾಸದ ಮಾತು, ಹತ್ತಿರ ನಿಂತ ವಿದ್ಯಾರ್ಥಿಗೆ ಯಾರಿಗಾದರೂ ಹೇಳುವ ಮಾತು.

ಮರಿಯಮ ಎರಡೂ ಅಂಗೈಯಲ್ಲಿ ಹಿಮ್ಮಡ ಹಿಡಿದಳು. ತಣ್ಣಗಿತ್ತು. ತನ್ನ ಕಡೆಯಿಂದ ಚಂದ್ರವ್ವನ ತೊಡೆಯ ಕಡೆಗೆ ಮೆಲ್ಲಗೆ ಸರಿಸಿದಳು.

ಬಿಸಿ ರೊಟ್ಟಿ ಮಡಚಿದಂತೆ ಮೊಣಕಾಲು ಮಡಚಿತು.

ಎಲ್ಲಿಯೂ ಸದ್ದಿಲ್ಲ, ತಡೆಯಿಲ್ಲ. ಹಿಮ್ಮಡ ಬಂದು ಎಡತೊಡೆಯ ಅಡಿಗೆ ಕುಳಿತಿತು. ಕಣಕಾಲಿನ ಆ ಕಪ್ಪು ಗುರುತು ಹಲಗೆಗೆ ತಾಗಿತು, ದಿನಾ ಕುಳಿತ ಜಾಗಕ್ಕೇ ಬಂದು ಕುಳಿತವರ ಹಾಗೆ.

ಪ್ರಸಾದರ ಮುಖ ಬಿಳಿಚಿತು. "ಮುರೀತು," ಎಂದರು. ಕಾಲನ್ನು ನೀಡಿದರು, ಕಿವಿಯನ್ನು ಮೊಣಕಾಲಿಗೆ ಹತ್ತಿರ ತಂದು ಮತ್ತೆ ಮಡಚಿದರು. ಮುರಿದಿರಲಿಲ್ಲ. ಎಡಗಾಲು ಮಡಚಿ ನೋಡಿದರು. ಮತ್ತೆ ಬಲಗಾಲು. ಎರಡೂ ಅವಳಿ ಮಕ್ಕಳಂತೆ ಒಂದೇ ರೀತಿ ನಡೆದುಕೊಂಡವು.

ಸಮೃದ್ಧಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಮರನ ಹೆಗಲು ಕುಣಿಯತೊಡಗಿತು. ಅಳುತ್ತಿದ್ದಾನೆಂದು ಬಸಯ್ಯನವರು ಅವನ ಬೆನ್ನು ಸವರಿದರು.

"ಪೂರ್ಣಿಮಾ," ಎಂದರು ಪ್ರಸಾದರು, ತಲೆ ಎತ್ತದೆ.

ಮೇಡಂ ಎದ್ದು ನಿಂತರು. "ತಪ್ಪು ತಿಳಕೋಬ್ಯಾಡ್ರಿ ಸರ್. ಖಾನಾಪುರದ ಕ್ಯಾಂಪಿನ್ಯಾಗ ಇವರು ಸಾಲಿನ್ಯಾಗ ನಿಂತಿದ್ರು. ಮುಂದ ನಿಂತವರು ಹೆಂಗ ಕುಂಟತಾರ, ಹಿಂದಿನವರು ಹೆಂಗ ಬೆನ್ನು ಹಿಡಕೋತಾರ, ಎಲ್ಲಾ ಮಾಡಿ ತೋರಸಾಕತ್ತಿದ್ರು. ನೋವಿದ್ದವರs ಬಿದ್ದು ಬಿದ್ದು ನಗತಿದ್ರು. ನಾ ಅಲ್ಲೇ ಕೇಳಿದೆ, ನಮ್ಮ ಹುಡುಗರಿಗೆ ಪಾತ್ರ ಮಾಡ್ತೀರೇನು ಅಂತ."

"ವರ್ಷಗಟ್ಲೆ ಊರಾಗೂ ಕುಂಟಿದ್ಲಲ್ಲ."

"ನೀವು ವಾರಾ ಇಲ್ಲಿಗೆ ಬರತೀರಲ್ರಿ," ಎಂದ ಅಮರ. ನಗುವೂ ಅಳುವೂ ಅವನ ಮೂಗಿನಲ್ಲಿ ಜಗಳಾಡುತ್ತಿದ್ದವು. "ಬಾಗಲಾ ಹಾಕ್ಕೊಂಡು ನೆಲಕ್ಕ ಕುಂತು ರೊಟ್ಟಿ ಬಡೀತಿದ್ಲು. ನಿಮ್ಮ ಹಾರ್ನ್ ಕೇಳ್ತಂದ್ರ ಟಣ್ ಅಂತ ಕಾಲು ಚಾಚಾಕಿ. ಒಮ್ಮೆ ರೊಟ್ಟಿ ಹಂಚು ಒದ್ದು ನನ್ನ ಕೈ ಸುಟ್ಟೈತ್ರಿ."

"ಹೋದ ತಿಂಗಳ ಎದಿ ನೋವು ಜಾಸ್ತಿ ಆದಾಗ ನನ್ನ ಕರಸಿದ್ರು," ಎಂದರು ಮೇಡಂ. "ಸತ್ತ ಮ್ಯಾಲೂ ನಿಮ್ಮ ನೇಮ ಇರತೈತೇನು ಅಂದ್ರು. ಇಲ್ಲವ್ವಾ ಅಂದೆ. ಹಂಗಾದ್ರ ಒಂದು ಪರೀಕ್ಷಾ ಬಾಕಿ ಐತಿ ಅಂದ್ರು. 'ಆ ಹುಡುಗಿ ಕೈ ಖರೇ ಹೇಳಿತ್ತು, ನನ್ನ ಬಾಯಿ ಸುಳ್ಳು ಹೇಳ್ತು. ನಾ ಹೋದ ಮ್ಯಾಲ ಬಾಯಿ ಮುಚ್ಚತೈತಿ, ಕಾಲು ಹೇಳತೈತಿ. ಆದ್ರ ಡಾಕ್ಟರ ಕೈಯಾಗs ಹೇಳಬೇಕು' ಅಂದ್ರು."

ಪಡಸಾಲೆಯ ಕಣ್ಣುಗಳೆಲ್ಲ ಮರಿಯಮಳ ಕಡೆ ತಿರುಗಿದವು. ಆಕೆಯ ಅಂಗೈಗಳು ಇನ್ನೂ ಹಿಮ್ಮಡದ ಮೇಲಿದ್ದವು.

"ಅವತ್ತು ಏನು ನೋಡಿದ್ದಿ ನೀ?" ಪ್ರಸಾದರು ಕೇಳಿದರು. ಬೈಯುವ ದನಿಯಲ್ಲ, ವಿದ್ಯಾರ್ಥಿ ಕೇಳುವ ದನಿ.

ಮರಿಯಮ ಕಣಕಾಲಿನ ಗುರುತು ತೋರಿಸಿದಳು. "ರೊಟ್ಟಿ ಸರ್."

ಪ್ರಸಾದರು ಬೆರಳಿನಿಂದ ಅದನ್ನು ಮುಟ್ಟಿದರು. ಬಹಳ ಹೊತ್ತು ಮುಟ್ಟಿಕೊಂಡೇ ಇದ್ದರು. ಆಮೇಲೆ ಅವರಿಂದ ಕೆಮ್ಮಿನಂತೆ ಒಂದು ಸದ್ದು ಬಂತು. ಎರಡನೆಯದಕ್ಕೆ ನಗುವೆಂದು ಗುರುತು ಸಿಕ್ಕಿತು. ಮೂರನೆಯದಕ್ಕೆ ಹೊರಗಿನ ಭಜನೆಯೇ ನಿಂತಿತು.

"ಕುರ್ಚಿ," ಎಂದರು, ಉಸಿರು ಸಿಕ್ಕಾಗ. "ಮಠದ ಕುರ್ಚಿ. ನಾನs ಹಾಕಿಸಿದ್ನಲ್ಲೋ ಮಾರಾಯಾ." ಮತ್ತೆ ನಗು. "ಬಾಣಂತನ," ಎಂದರು. ಸಮೃದ್ಧಿ ಇನ್ನು ತಡೆಯಲಾರದೆ ಸೆರಗು ಬಿಟ್ಟಳು. ಕೊನೆಗೆ ಬಸಯ್ಯನವರೂ ಜಪದ ಸರ ಮುಖಕ್ಕೆ ಹಿಡಿದುಕೊಂಡು ಕುಲುಕಿದರು.

ನಗು ಇಳಿದ ಮೇಲೆ ಪ್ರಸಾದರು ಕಣ್ಣೊರೆಸಿಕೊಂಡು ಚಂದ್ರವ್ವನ ಪಾದಕ್ಕೆ ಹಣೆ ಮುಟ್ಟಿಸಿದರು. ಅಲ್ಲಿಂದಲೇ ತಲೆ ತಿರುಗಿಸಿ ಹೇಳಿದರು: "ಮರಿಯಮ, ಎಲುಬಿಗೆ ಬಾ. ನಾ ಅವತ್ತು ಅಂದದ್ದು ಹಿಂದ ತೊಗೊಂಡೆ, ಎಲ್ಲಾರ ಮುಂದ ಅಂದಿದ್ದೆ, ಎಲ್ಲಾರ ಮುಂದ ತೊಗೊಂಡೆ."

"ಆದ್ರ ಸರ್," ಎಂದರು ಪೂರ್ಣಿಮಾ ಮೇಡಂ, "ಕಡೀ ಬ್ಯಾಚು ಉಳದೈತಿ. ಗುಟ್ಟು ಗೊತ್ತಾದ ಮ್ಯಾಲ ನೀವು ತೀರ್ಪು ಹೇಳಾಕ ಬರೂದಿಲ್ಲ. ಇವರ ಹಾಸಿಗಿನೂ ಖಾಲಿ ಆತು."

"ಯಾಕ ಖಾಲಿ?" ಪ್ರಸಾದರು ಎದ್ದರು. "ಕಡೀ ಬ್ಯಾಚು ಹೊಸಾ ಹುಡುಗರದು, ನನ್ನ ಮುಖಾ ಕಂಡಿಲ್ಲ. ಆ ಹಾಸಿಗಿಗೆ ನಾ ಬರ್ತೇನಿ. ನನ್ನ ಹಾಸಿಗಿ ಬಿಟ್ಟು ಉಳದವಕ್ಕ ತೀರ್ಪು ಈ ಹುಡುಗಿ ಹೇಳ್ಲಿ."

*

ಮಧ್ಯಾಹ್ನದ ಬಿಸಿಲಿನಲ್ಲಿ, ಸತ್ತವರನ್ನು ಕೂರಿಸಿ ಹೊರುವ ವಿಮಾನ ಹೆಗಲ ಮೇಲೆ ಎದ್ದಿತು. ಬಾಳೆಕಂಬಗಳ ನಡುವೆ, ಹೂವಿನ ಮಾಲೆಗಳ ಒಳಗೆ, ಚಂದ್ರವ್ವ ಚಕ್ಕಳಮಕ್ಕಳ ಹಾಕಿ ನೆಟ್ಟಗೆ ಕುಳಿತಿದ್ದಳು. ವರ್ಷದಿಂದ ಆಕೆಯನ್ನು ಕುರ್ಚಿಯ ಮೇಲೆ ಮಾತ್ರ ಕಂಡಿದ್ದ ಊರು ಬಾಗಿಲು ಬಾಗಿಲಿಗೆ ಬಂದು ಕಣ್ಣರಳಿಸಿತು. ಸುದ್ದಿ ವಿಮಾನಕ್ಕಿಂತ ಮುಂದೆ ಓಡುತ್ತಿತ್ತು. ಅದು ಮುಟ್ಟಿದ ಕಟ್ಟೆಯ ಮೇಲೆಲ್ಲ ಮೊದಲು "ಹಾಂ?" ಎಂಬ ಸದ್ದು, ಆಮೇಲೆ ನಗು, ಅದರ ಹಿಂದೆ ಸೆರಗಿನಿಂದ ಒರೆಸಿಕೊಳ್ಳುವ ಕಣ್ಣು.

ಎಲ್ಲರಿಗಿಂತ ಮುಂದೆ, ಡೊಳ್ಳಿನವರ ಪಕ್ಕದಲ್ಲಿ, ಅರ್ಧ ಬೋಳಿಸಿದ ಮುಖದ ಡಾಕ್ಟರ್ ಪ್ರಸಾದರು ಬಲಗಾಲು ಬಿಗಿದುಕೊಂಡು ಕುಂಟುತ್ತ ಹೊರಟಿದ್ದರು. ಕಾಲು ಎಳೆದಂತೆ ಆಗುತ್ತಿತ್ತು, ಕುಂಟಿದಂತೆ ಆಗುತ್ತಿರಲಿಲ್ಲ.

ಮರಿಯಮ ಸ್ವಲ್ಪ ದೂರ ನೋಡುತ್ತ ನಡೆದಳು. ತಡೆಯಲಾಗಲಿಲ್ಲ.

"ಸರ್, ಸುಳ್ಳು ಅಂತ ಗೊತ್ತಾಕ್ಕೈತ್ರಿ. ಮದಲ ಸೊಂಟ ಎತ್ತರಿ, ಆಮ್ಯಾಲ ಕಾಲು ಸುತ್ತಿಸಿ ಇಡ್ರಿ."

ಪ್ರಸಾದರು ಸೊಂಟ ಎತ್ತಿದರು, ಕಾಲು ಸುತ್ತಿಸಿದರು, ಪಕ್ಕದ ಡೊಳ್ಳಿಗೆ ಒದ್ದರು. ಡೊಳ್ಳು ಢಂ ಎಂದಿತು. ಹೊತ್ತವರು ನಕ್ಕು ಹೆಗಲು ಬದಲಿಸಿದರು, ವಿಮಾನ ಒಮ್ಮೆ ವಾಲಿತು, ಮೇಲೆ ಚಂದ್ರವ್ವ ಮೆಲ್ಲಗೆ ಅತ್ತಿತ್ತ ತೂಗಿದಳು, ಇಲ್ಲಪ್ಪ, ಇನ್ನೊಮ್ಮೆ ಮಾಡು ಎಂಬಂತೆ. ಅದನ್ನು ಮೊದಲು ಕಂಡವರು ಪ್ರಸಾದರೇ. ದಾರಿಯ ನಡುವೆ ನಿಂತು, ಬಗ್ಗಿ, ಎರಡೂ ಮೊಣಕಾಲು ಹಿಡಿದುಕೊಂಡು ಅವರು ನಕ್ಕ ನಗು ಡೊಳ್ಳನ್ನೂ ಮುಚ್ಚಿ, ಕುಣಿ ತೋಡುತ್ತಿದ್ದವರ ಕಿವಿಗೆ ವಿಮಾನಕ್ಕಿಂತ ಮೊದಲೇ ಹೋಗಿ ಮುಟ್ಟಿತು.